ಬಾಣಂತಿಯ ವಿಶ್ರಾಂತಿಯೂ ವ್ಯಾಯಾಮವೂ: ದೊಡ್ಮನೆ ಸೀಮೆಯನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

1

ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ಹೆಸರು ರಾಜಕೀಯ ಇತಿಹಾಸವನ್ನು ಓದುವವರಿಗೆ ಹೊಸದಲ್ಲ. 1983ರಿಂದ 1988ರ ವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರು 1926ರಲ್ಲಿ ಜನಿಸಿದುದು ಈ ಊರಿನಲ್ಲಿ. 1930ರ ದಶಕದ ಆರಂಭದಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ನಡೆದ ಕರನಿರಾಕರಣೆಯ ಚಳವಳಿಯನ್ನು ಬಲ್ಲವರಿಗೆ ಈ ಸೀಮೆಯ ತೋಟಿಗರ ಮನೆತನಗಳ ತ್ಯಾಗವೂ ತಿಳಿದೇ ಇದೆ. ಆ ಚಳವಳಿಯಲ್ಲಿ ಹೆಂಗಸರು ವಹಿಸಿದ ಪಾತ್ರ ಕೂಡ ದಾಖಲೆಗೆ ಬಂದಿದೆ. ಆದರೆ ಮನೆ ಎಂದ ಮೇಲೆ ಅದಕ್ಕೆ ಜಗುಲಿ ಇರುವಂತೆ ಒಳಮನೆಯೂ ಇರುತ್ತದೆ. ಜಗುಲಿಯಲ್ಲಿ ನಡೆದ ಮಾತು ಚರಿತ್ರೆಗೆ ಸೇರಿತು. ಒಳಮನೆಯಲ್ಲಿ ನಡೆದುದು ಬಹುಮಟ್ಟಿಗೆ ಸೇರದೆ ಉಳಿಯಿತು.

ಹಾಗೆ ಸೇರದೆ ಉಳಿದ ಸಂಗತಿಗಳಲ್ಲಿ ಬಾಣಂತನವೂ ಒಂದು. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮಲ್ಲಿ ಎಲ್ಲೆಡೆ ಕೇಳಿಬರುತ್ತದೆ. ಮರುಹುಟ್ಟು ಪಡೆದವಳು ಎಷ್ಟು ದಿನ ಮಲಗಿದಳು, ಯಾವಾಗ ಎದ್ದು ನಡೆದಳು, ಯಾವ ಕೆಲಸವನ್ನು ಮೊದಲು ಕೈಗೆತ್ತಿಕೊಂಡಳು, ಯಾವುದನ್ನು ಕೊನೆಗೆ ಕೈಗೆತ್ತಿಕೊಂಡಳು, ಈ ದಿನಗಳನ್ನು ನಿಶ್ಚಯಿಸಿದವರು ಯಾರು ಎಂಬ ಪ್ರಶ್ನೆಗಳನ್ನು ಇತಿಹಾಸಕಾರರು ವಿರಳವಾಗಿ ಕೇಳಿದ್ದಾರೆ. ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ತರುಣಿಯೊಬ್ಬಳು ಮಗುವನ್ನು ಹೆತ್ತ ಬಳಿಕ “ಮನೆಯಲ್ಲೇ ವ್ಯಾಯಾಮವನ್ನು ಯಾವಾಗ ಆರಂಭಿಸಲಿ, ಎಷ್ಟು ಮಾಡಲಿ?” ಎಂದು ಕೇಳಿದರೆ ಅವಳಿಗೆ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಮನೆಯ ಹಿರಿಯರು “ಮೂರು ತಿಂಗಳು ಅಲುಗಾಡಬೇಡ” ಎನ್ನುತ್ತಾರೆ. ಕೈಯಲ್ಲಿರುವ ಮೊಬೈಲು “ಮೂರು ವಾರದಲ್ಲಿ ಹೊಟ್ಟೆ ಇಳಿಸು” ಎನ್ನುತ್ತದೆ. ಈ ಎರಡರ ನಡುವೆ ಅವಳು ಒಬ್ಬಳೇ ನಿಂತಿದ್ದಾಳೆ.

ಹಳೆಯ ಬಾಣಂತನವನ್ನು ಬರಿಯ ವಿಶ್ರಾಂತಿ ಎಂದು ತಿಳಿಯುವುದು ಅಪೂರ್ಣವಾದ ತಿಳಿವಳಿಕೆ ಎಂಬುದೇ ಪ್ರಕೃತ ಲೇಖನದ ಪ್ರತಿಪಾದನೆ. ಅನುಕೂಲವಿದ್ದ ಮನೆಗಳಲ್ಲಿ ಅದು ವಿಶ್ರಾಂತಿಯಿಂದ ಶ್ರಮಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಿರುಗುವ ಒಂದು ಕ್ರಮವಾಗಿತ್ತು. ಕಾಲಾಂತರದಲ್ಲಿ ಮೆಟ್ಟಿಲುಗಳು ಕಳಚಿಹೋದವು. ‘ಅಲುಗಾಡಬೇಡ’ ಎಂಬ ಮಾತು ಮಾತ್ರ ಉಳಿಯಿತು. ಇದನ್ನು ಯಥಾಶಕ್ತಿ ವಿವೇಚಿಸುತ್ತೇವೆ.

2

ಮೊದಲು ಗ್ರಂಥಗಳನ್ನು ನೋಡೋಣ. ಪ್ರಸವವಾದ ಹೆಂಗಸನ್ನು ಆಯುರ್ವೇದದ ಸಂಹಿತೆಗಳು ‘ಸೂತಿಕೆ’ ಎಂದು ಕರೆಯುತ್ತವೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಸೂತಿಕೆಗೆ ಸ್ನೇಹಪಾನ ಮಾಡಿಸಿ, ಅಭ್ಯಂಗ ಮಾಡಿ, ಹೊಟ್ಟೆಗೆ ದೊಡ್ಡ ವಸ್ತ್ರವನ್ನು ಸುತ್ತಬೇಕೆಂದು ವಿಧಿಸಲಾಗಿದೆ. ಬರಿದಾದ ಹೊಟ್ಟೆಯಲ್ಲಿ ವಾಯುವಿಗೆ ಅವಕಾಶ ದೊರೆತು ವಿಕಾರವುಂಟಾಗಬಾರದು ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ನಮ್ಮ ಮನೆಗಳಲ್ಲಿ ಬಾಣಂತಿಯ ಹೊಟ್ಟೆಗೆ ಹಳೆಯ ಹತ್ತಿಯ ಸೀರೆಯನ್ನು ಬಿಗಿದು ಕಟ್ಟುವ ರೂಢಿಗೂ ಈ ವಿಧಿಗೂ ಇರುವ ಹೋಲಿಕೆ ಸ್ಪಷ್ಟವಾದುದು. ಇದೇ ಪ್ರಕರಣದಲ್ಲಿ ಐದು ಅಥವಾ ಏಳು ರಾತ್ರಿಗಳ ಉಪಚಾರದ ಬಳಿಕ ಸೂತಿಕೆಯನ್ನು ‘ಕ್ರಮವಾಗಿ’ ಪುಷ್ಟಿಗೊಳಿಸಬೇಕೆಂಬ ಮಾತಿದೆ. ಈ ‘ಕ್ರಮ’ ಎಂಬ ಪದವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಸುಶ್ರುತಸಂಹಿತೆ ಸೂತಿಕೆಗೆ ಧಾರಾಳವಾಗಿ ಬಿಸಿನೀರನ್ನು ಎರೆಯಬೇಕೆಂದೂ ಕ್ರೋಧ, ಆಯಾಸ, ಮೈಥುನ ಮುಂತಾದವುಗಳಿಂದ ಅವಳು ದೂರವಿರಬೇಕೆಂದೂ ಹೇಳುತ್ತದೆ. ಒಂದೂವರೆ ತಿಂಗಳು ಈ ನಿಯಮವನ್ನು ಪಾಲಿಸಿದ ಬಳಿಕ ‘ಸೂತಿಕೆ’ ಎಂಬ ಹೆಸರು ಅವಳಿಂದ ಕಳಚುತ್ತದೆ. ಮತ್ತೆ ಋತುದರ್ಶನವಾಗುವ ವರೆಗೂ ಅದು ಉಳಿಯುತ್ತದೆಂಬ ಮತಾಂತರವನ್ನೂ ಗ್ರಂಥ ಸೂಚಿಸುತ್ತದೆ. ಆಯಾಸವನ್ನು ವರ್ಜಿಸು ಎಂದರೆ ಚಲನೆಯನ್ನೇ ವರ್ಜಿಸು ಎಂದು ಅರ್ಥವಲ್ಲ. ಅದೇ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವ್ಯಾಯಾಮದ ಪ್ರಕರಣ ಬೇರೆಯಾಗಿ ಬರುತ್ತದೆ. ತನ್ನ ಬಲದ ಅರ್ಧದಷ್ಟನ್ನು ಮಾತ್ರ ವ್ಯಾಯಾಮಕ್ಕೆ ವಿನಿಯೋಗಿಸಬೇಕು, ಬಾಯಿಯಿಂದ ಉಸಿರು ಬರತೊಡಗಿದರೆ ಅರ್ಧಬಲ ಮುಗಿಯಿತೆಂದು ತಿಳಿಯಬೇಕು ಎಂಬುದು ಅಲ್ಲಿನ ಅಭಿಪ್ರಾಯ. ಈ ಅಳತೆಯನ್ನು ಸೂತಿಕೆಗಾಗಿ ಹೇಳಿಲ್ಲವೆಂಬುದು ನಿಜ. ಆದರೂ ವ್ಯಾಯಾಮಕ್ಕೆ ಹೊರಗಿನ ಅಳತೆಗಿಂತ ಅವರವರ ದೇಹದ ಉಸಿರೇ ಅಳತೆಯೆಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ.

ಗ್ರಂಥದಲ್ಲಿ ಹೇಳಿದುದೆಲ್ಲ ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಆಚರಣೆಯಲ್ಲಿತ್ತು ಎಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಬಾಣಂತನದ ಜ್ಞಾನ ಸೂಲಗಿತ್ತಿಯರ ಕೈಯಲ್ಲಿಯೂ ಮನೆಯ ಹಿರಿಯ ಹೆಂಗಸರ ನೆನಪಿನಲ್ಲಿಯೂ ಉಳಿದು ಬಂದುದು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಾಗ ಈ ಜ್ಞಾನಕ್ಕೆ ತಡವಾಗಿಯಾದರೂ ರಾಷ್ಟ್ರದ ಮನ್ನಣೆ ದೊರೆಯಿತು. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಇಲಾಖೆಯ ಗೆಝೆಟಿಯರಿನ ಕೆನರಾ ಸಂಪುಟ 1883ರಲ್ಲಿ ಪ್ರಕಟವಾಯಿತು. ಜಿಲ್ಲೆಯ ಜಾತಿಗಳ ಆಚಾರಗಳನ್ನು ತಿಳಿಯಲು ಅದು ಇಂದಿಗೂ ಉಪಯುಕ್ತವಾದ ಆಕರ. ಆದರೆ ಆಡಳಿತಗಾರನ ಕಣ್ಣಿಗೆ ಬೀಳುವುದು ಆಚಾರ. ಬಾಣಂತಿಯ ಸೊಂಟದ ನೋವು ಆ ಕಣ್ಣಿಗೆ ಬೀಳುವಂಥದಲ್ಲ. ಅದಕ್ಕೆ ನಾವು ಮನೆಯ ಒಳಕ್ಕೇ ಹೋಗಬೇಕು.

3

ಈ ಸೀಮೆಯ ತೋಟಿಗರ ಮನೆಯ ರಚನೆ ಗೊತ್ತಿದ್ದವರಿಗೆ ಅಲ್ಲಿನ ದುಡಿಮೆಯ ಸ್ವರೂಪ ತಾನಾಗಿಯೇ ಗೊತ್ತಾಗುತ್ತದೆ. ಮುಂದೆ ಅಂಗಳ, ಜಗುಲಿ. ಒಳಗೆ ನಡುಮನೆ, ಅಡಿಗೆಮನೆ. ಹಿಂದೆ ಬಚ್ಚಲುಮನೆ, ಬಾವಿ, ಪಕ್ಕದಲ್ಲಿ ಕೊಟ್ಟಿಗೆ. ಕೆಳಗೆ ಕಣಿವೆಯಲ್ಲಿ ತೋಟ. ಮೇಲೆ ಸೊಪ್ಪಿನ ಬೆಟ್ಟ. ಇವುಗಳ ನಡುವೆ ಹೆಂಗಸು ದಿನಕ್ಕೆ ಎಷ್ಟು ಸಲ ಏರಿಳಿದಳೆಂಬುದನ್ನು ಯಾವ ದಫ್ತರವೂ ಬರೆದಿಟ್ಟಿಲ್ಲ. ಅವಳ ಉಪಕರಣಗಳು ಮಾತ್ರ ಅನೇಕ ಮನೆಗಳ ಅಟ್ಟದ ಮೇಲೆ ಇನ್ನೂ ಇವೆ: ಕಡಗೋಲು, ಬೀಸುವ ಕಲ್ಲು, ಒರಳು, ಒನಕೆ, ತಾಮ್ರದ ಕೊಡ. ಇತಿಹಾಸಕಾರನಿಗೆ ಇವು ಶಾಸನಗಳಿಗೆ ಸಮಾನವಾದ ಸಾಕ್ಷ್ಯಗಳು. ಒಂದೊಂದು ಉಪಕರಣವೂ ದೇಹದ ಒಂದೊಂದು ಚಲನೆಯನ್ನು ಹೇಳುತ್ತದೆ.

ಹಿರಿಯ ಹೆಂಗಸರನ್ನು ಕೇಳಿದರೆ ಬಾಣಂತನದ ಕ್ರಮ ಬಹುಮಟ್ಟಿಗೆ ಹೀಗೆ ಕಂಡುಬರುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಮೊದಲ ಹತ್ತು ದಿನ ಪುರುಡು. ಬಾಣಂತಿ ಅಡಿಗೆಮನೆಗೂ ದೇವರ ಕೋಣೆಗೂ ಹೋಗುವಂತಿಲ್ಲ. ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರನ್ನು ಸೊಂಟಕ್ಕೂ ಬೆನ್ನಿಗೂ ಎರೆದು, ಹೊಟ್ಟೆಗೆ ಸೀರೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಬೆಚ್ಚಗೆ ಮಲಗಿಸುವುದು. ಕಾಳುಮೆಣಸಿನ ಸಾರು, ಶುಂಠಿ, ತುಪ್ಪ, ಲೇಹ್ಯಗಳ ಪಥ್ಯ. ಪುರುಡು ಕಳೆದ ಮೇಲೆ ಅವಳು ಮನೆಯೊಳಗೆ ಓಡಾಡತೊಡಗುತ್ತಾಳೆ. ಒಂದೂವರೆ ತಿಂಗಳ ಸುಮಾರಿಗೆ ಕುಳಿತು ಮಾಡುವ ಹಗುರ ಕೆಲಸಗಳು ಅವಳ ಕೈಗೆ ಬರುತ್ತವೆ: ಅಕ್ಕಿ ಆರಿಸುವುದು, ಕಾಯಿಪಲ್ಯ ಹೆಚ್ಚುವುದು, ಹೂ ಕಟ್ಟುವುದು. ಅನಂತರ ನಿಂತು ಮಾಡುವ ಕೆಲಸ, ಮಜ್ಜಿಗೆ ಕಡೆಯುವುದು. ಮೂರು ತಿಂಗಳು ತುಂಬಿ ಗಂಡನ ಮನೆಗೆ ಬಂದ ಬಳಿಕ ಒರಳು, ಬೀಸುವ ಕಲ್ಲು. ಬಾವಿಯಿಂದ ನೀರು ಸೇದಿ ಹೊರುವುದು, ಒನಕೆ ಹಿಡಿಯುವುದು, ಬೆಟ್ಟದಿಂದ ಸೊಪ್ಪಿನ ಹೊರೆ ತರುವುದು ಇವೆಲ್ಲ ಕೊನೆಗೆ. ಮನೆಯಿಂದ ಮನೆಗೆ ದಿನಗಳ ಲೆಕ್ಕ ಹೆಚ್ಚುಕಡಿಮೆಯಾಗುತ್ತಿತ್ತು. ಅನುಕೂಲವಿದ್ದಲ್ಲಿ ಐದು ತಿಂಗಳಿಗೂ ಹೋಗುತ್ತಿತ್ತು. ಕೆಲಸಗಳ ಅನುಕ್ರಮ ಮಾತ್ರ ಹೆಚ್ಚಾಗಿ ವ್ಯತ್ಯಾಸವಾಗುತ್ತಿರಲಿಲ್ಲ.

ಈ ಅನುಕ್ರಮವನ್ನು ದೇಹದ ದೃಷ್ಟಿಯಿಂದ ಪರಿಶೀಲಿಸಿದರೆ ಅದರ ಔಚಿತ್ಯ ತಿಳಿಯುತ್ತದೆ. ಗರ್ಭಿಣಿಯಲ್ಲಿ ಹೊಟ್ಟೆಯ ಮುಂಭಾಗದ ಸ್ನಾಯುಗಳು ಹಿಗ್ಗಿ ನಡುಗೆರೆಯಲ್ಲಿ ಬೇರೆಯಾಗಿರುತ್ತವೆ. ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಕೆಳಗಿನಿಂದ ಹೊತ್ತು ನಿಲ್ಲುವ ಶ್ರೋಣಿತಳದ ಸ್ನಾಯುಗಳು ಹೆರಿಗೆಯಲ್ಲಿ ಬಹಳವಾಗಿ ಸಡಿಲಗೊಳ್ಳುತ್ತವೆ. ಇವು ಬಿಗಿಗೊಳ್ಳುವ ಮೊದಲೇ ಭಾರ ಎತ್ತಿದರೆ ಹೊಟ್ಟೆಯ ಒತ್ತಡವೆಲ್ಲ ಕೆಳಕ್ಕಿಳಿಯುತ್ತದೆ. ಹತ್ತು ಲೀಟರು ಹಿಡಿಯುವ ಕೊಡದಲ್ಲಿ ನೀರೇ ಹತ್ತು ಕಿಲೋ. ಕೊಡದ ತೂಕ ಬೇರೆ. ಅದನ್ನು ಸೇದಿ ಸೊಂಟದ ಮೇಲಿಟ್ಟು ಮೆಟ್ಟಿಲು ಹತ್ತುವುದು ಬಾಣಂತಿಗೆ ಸಣ್ಣ ಕೆಲಸವಲ್ಲ. ಅಕ್ಕಿ ಆರಿಸುವುದರಿಂದ ಕಡಗೋಲಿಗೆ, ಕಡಗೋಲಿನಿಂದ ಒರಳಿಗೆ, ಒರಳಿನಿಂದ ಕೊಡಕ್ಕೆ, ಕೊಡದಿಂದ ಒನಕೆಗೆ ಎಂಬ ಏರಿಕೆ ಇಂದಿನ ವ್ಯಾಯಾಮಶಾಸ್ತ್ರ ಹೇಳುವ ‘ಹಂತಹಂತದ ಹೆಚ್ಚಳ’ಕ್ಕಿಂತ ತತ್ತ್ವದಲ್ಲಿ ಭಿನ್ನವಾದುದಲ್ಲ.

ಕನ್ನಡನಾಡಿನ ಅನೇಕ ಕಡೆ ಬಾಣಂತಿ ಬಾವಿಯ ಬಳಿಗೆ ಹೋಗಿ ಗಂಗೆಪೂಜೆ ಮಾಡುವ ಪದ್ಧತಿ ಇದೆ. ಇದನ್ನು ನಾವು ಸಾಮಾನ್ಯವಾಗಿ ಧಾರ್ಮಿಕ ಆಚಾರವೆಂದು ತಿಳಿದು ಬಿಟ್ಟುಬಿಡುತ್ತೇವೆ. ಆದರೆ ಬಾವಿ ಮನೆಯ ಅತ್ಯಂತ ಭಾರವಾದ ನಿತ್ಯದ ದುಡಿಮೆಯ ಸ್ಥಳವೂ ಹೌದು. ಪೂಜೆಯಾಗುವ ವರೆಗೆ ಬಾಣಂತಿ ನೀರು ತರುವಂತಿಲ್ಲ ಎಂದಾದಲ್ಲಿ ಆ ಪೂಜೆ ಅವಳ ದೇಹಕ್ಕೆ ಕಾವಲಾಗಿ ನಿಂತಿತ್ತು. ಅತ್ತೆಯೊಡನೆ ವಾದಿಸಲಾಗದ ಸೊಸೆಗೆ ಆಚಾರವೇ ಆಶ್ರಯವಾಗಿದ್ದಿರಬೇಕೆಂಬುದು ನಮ್ಮ ಊಹೆ.

4

ಇಷ್ಟನ್ನು ಹೇಳಿ ನಿಲ್ಲಿಸಿದರೆ ಹಿಂದಿನದೆಲ್ಲ ಒಳ್ಳೆಯದೆಂಬ ಭ್ರಾಂತಿ ಉಂಟಾಗುವುದು. ಆದುದರಿಂದ ಇನ್ನೊಂದು ಮಗ್ಗುಲನ್ನು ನೋಡುವುದು ಅವಶ್ಯಕ.

ಮೊದಲನೆಯದಾಗಿ, ಬಾಣಂತಿಯ ವಿಶ್ರಾಂತಿ ಎಂದರೆ ಇನ್ನೊಬ್ಬಳ ದುಡಿಮೆ. ಅವಳು ಸೇದದ ನೀರನ್ನು ತಾಯಿಯೋ ಅತ್ತಿಗೆಯೋ ಕೂಲಿಯವಳೋ ಸೇದಲೇಬೇಕು. ಕೈಗಳು ಹೆಚ್ಚಿದ್ದ ಕೂಡುಕುಟುಂಬದಲ್ಲಿ ಮಾತ್ರ ಮೂರು ತಿಂಗಳ ಬಾಣಂತನ ಸಾಧ್ಯವಾಗುತ್ತಿತ್ತು. ತೋಟದಲ್ಲಿಯೂ ಗದ್ದೆಯಲ್ಲಿಯೂ ಕೂಲಿ ಮಾಡಿ ಬದುಕುತ್ತಿದ್ದ ಹೆಂಗಸಿಗೆ ಈ ಕ್ರಮ ಎಟುಕುವಂಥದಾಗಿರಲಿಲ್ಲ. ಹೆರಿಗೆ ಮಳೆಗಾಲದ ನಾಟಿಯ ದಿನಗಳಿಗೆ ಬಂದರೆ ಅವಳ ವಿಶ್ರಾಂತಿ ಮನೆಯ ಕಾಳಿನ ಪಾತ್ರೆಯನ್ನು ಅವಲಂಬಿಸಿತ್ತು. ತೋಟಿಗರ ಮನೆಯ ಬಾಣಂತಿ ಬೆಚ್ಚಗೆ ಮಲಗಿದ್ದಾಗ ಅವಳ ಮನೆಗೆ ಸೌದೆ ಹೊತ್ತು ತಂದವಳು ಕೂಡ ಹಸಿ ಬಾಣಂತಿಯಾಗಿದ್ದಿರಬಹುದು. ಹೆರಿಗೆಯ ಬಳಿಕ ಬೇಗನೆ ಭಾರ ಹೊರುವುದು ಗರ್ಭಕೋಶ ಜಾರುವುದಕ್ಕೆ ಒಂದು ಕಾರಣವೆಂದು ವೈದ್ಯರು ಹೇಳುತ್ತಾರೆ. ಈ ವ್ಯಾಧಿಯನ್ನು ನಾಚಿಕೆಯಿಂದ ಮುಚ್ಚಿಟ್ಟು ದುಡಿದವರ ಚರಿತ್ರೆಗೆ ದಾಖಲೆಯೇ ಇಲ್ಲ.

ಎರಡನೆಯದಾಗಿ, ಅನುಕೂಲವಿದ್ದ ಮನೆಯ ಬಾಣಂತನದಲ್ಲಿಯೂ ಹಾನಿಯುಂಟುಮಾಡುವ ಅಂಶಗಳಿದ್ದವು. ಬಾಯಾರಿದರೂ ನೀರನ್ನು ಅಳತೆಯಲ್ಲಿ ಕೊಡುವುದು, ಕಿಟಕಿಯಿಲ್ಲದ ಕೋಣೆಯಲ್ಲಿ ಕೆಂಡದ ಹೊಗೆ, ಉಸಿರು ಕಟ್ಟುವಂತೆ ಹೊಟ್ಟೆಯನ್ನು ಬಿಗಿಯುವುದು ಇವನ್ನು ಯಾರೂ ಸಮರ್ಥಿಸಲಾರರು. ಅತಿಯಾದ ಬಿಗಿತವು ಹೊಟ್ಟೆಯ ಸ್ನಾಯುವನ್ನು ಬಲಪಡಿಸುವುದಿಲ್ಲ. ಒತ್ತಡವನ್ನು ಕೆಳಕ್ಕೆ ತಳ್ಳುತ್ತದೆ. ಹಾಲೂಡುವ ತಾಯಿಗೆ ನೀರು ಹೆಚ್ಚು ಬೇಕು.

ಕಾಯಿದೆಯ ಇತಿಹಾಸವನ್ನೂ ಇಲ್ಲಿ ಸಂಕ್ಷೇಪವಾಗಿ ಸ್ಮರಿಸಬೇಕು. ಉತ್ತರ ಕನ್ನಡ 1862ರಲ್ಲಿ ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಅಧಿವೇಶನ ಹೆರಿಗೆಯ ಬಳಿಕ ಆರು ವಾರ ಹೆಂಗಸನ್ನು ದುಡಿಮೆಗೆ ಹಚ್ಚಕೂಡದೆಂಬ ಒಪ್ಪಂದವನ್ನು ಅಂಗೀಕರಿಸಿತು. ಮುಂಬಯಿ ಇಲಾಖೆಯಲ್ಲಿ 1929ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆ ಬಂದಿತು. ಅದರ ಗಮನ ಕಾರ್ಖಾನೆಗಳ ಕಡೆಗೆ. ಸ್ವತಂತ್ರ ಭಾರತದ 1961ರ ಕಾಯಿದೆ ಹೆರಿಗೆಯ ಮರುದಿನದಿಂದ ಆರು ವಾರ ಕೆಲಸವನ್ನು ನಿಷೇಧಿಸಿತು. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ ಸಂಬಳಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಆರು ವಾರಗಳ ನಿಷೇಧವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿತು. ಆದರೆ ದಿನಗೂಲಿಯ ಹೆಂಗಸಿಗೂ ಸಂಬಳವೇ ಇಲ್ಲದ ಮನೆಗೆಲಸಕ್ಕೂ ಈ ರಜೆಯ ನೆರಳು ತಲುಪಲಿಲ್ಲ. ಒಡೆಯನಿಲ್ಲದ ದುಡಿಮೆಗೆ ರಜೆ ಕೊಡುವವರು ಯಾರು?

ಸುಶ್ರುತನ ಒಂದೂವರೆ ತಿಂಗಳು 45 ದಿನ. ಕಾಯಿದೆಯ ಆರು ವಾರ 42 ದಿನ. ಆಶಾ ಕಾರ್ಯಕರ್ತೆಯರು ನವಜಾತ ಶಿಶುವಿನ ಆರೈಕೆಗಾಗಿ ಮನೆಗೆ ಬರುವ ಭೇಟಿಗಳಲ್ಲಿ ಕೊನೆಯದು 42ನೆಯ ದಿನದ್ದು. ಇವುಗಳಲ್ಲಿ ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಹೇಳುವುದಿಲ್ಲ. ಗರ್ಭಕೋಶ ತನ್ನ ಮೊದಲಿನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಬೇಕಾಗುವುದೇ ಈ ಸಾಮ್ಯಕ್ಕೆ ಮೂಲವಾಗಿರಬಹುದು. ಆದರೆ ಆರು ವಾರ ಒಂದು ಬಾಗಿಲೇ ಹೊರತು ಊರಲ್ಲ. ಬಾಗಿಲು ದಾಟಿದ ಮರುದಿನವೇ ದೇಹ ಮೊದಲಿನಂತಾಗುವುದೆಂದು ಸಂಹಿತೆಯೂ ಹೇಳಿಲ್ಲ, ಇಂದಿನ ವೈದ್ಯಶಾಸ್ತ್ರವೂ ಹೇಳುವುದಿಲ್ಲ.

5

ಪಾಶ್ಚಾತ್ಯ ವೈದ್ಯದಲ್ಲಿಯೂ ಈ ವಿಷಯದ ಅಭಿಪ್ರಾಯ ಏಕರೂಪವಾಗಿ ಇರಲಿಲ್ಲ. ಮ್ಯಾಂಚೆಸ್ಟರಿನ ಚಾರ್ಲ್ಸ್ ವೈಟ್ ಎಂಬ ವೈದ್ಯನು 1773ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಾಣಂತಿಯ ಕೋಣೆಗೆ ಗಾಳಿ ಬೇಕು, ಅವಳನ್ನು ಬೇಗನೆ ಎಬ್ಬಿಸಿ ಕೂರಿಸಬೇಕು ಎಂದು ವಾದಿಸಿದನು. ಆದರೂ 19ನೆಯ ಶತಮಾನದಲ್ಲಿಯೂ 20ನೆಯ ಶತಮಾನದ ಮೊದಲ ದಶಕಗಳಲ್ಲಿಯೂ ಆಸ್ಪತ್ರೆಗಳಲ್ಲಿ ಹತ್ತು ಹದಿನಾಲ್ಕು ದಿನ ಹಾಸಿಗೆಯಲ್ಲೇ ಮಲಗಿಸುವ ಪದ್ಧತಿ ಬಲವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಸಿಗೆಗಳೂ ದಾದಿಯರೂ ಸಾಲದೆ ಹೋದಾಗ ಬಾಣಂತಿಯರನ್ನು ಬೇಗನೆ ಎಬ್ಬಿಸಬೇಕಾಯಿತು. ಬೇಗ ಎದ್ದವರಿಗೆ ಕೆಡುಕಾಗಲಿಲ್ಲ. ಅಲುಗಾಡದೆ ಮಲಗುವುದರಿಂದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆಂಬುದು ಇಂದು ನಿರ್ವಿವಾದವಾದ ಸಂಗತಿ.

ಇದೇ ಕಾಲಘಟ್ಟದಲ್ಲಿ ಬಾಣಂತಿಯ ವ್ಯಾಯಾಮವೆಂಬುದು ಒಂದು ಸ್ವತಂತ್ರ ವಿಷಯವಾಗಿ ಬೆಳೆಯಿತು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಮಿನ್ನಿ ರಾಂಡೆಲ್ ಮತ್ತು ನೃತ್ಯಗಾರ್ತಿ ಮಾರ್ಗರೆಟ್ ಮಾರಿಸ್ ಜೊತೆಗೂಡಿ ಬರೆದ ಹೆರಿಗೆಯ ವ್ಯಾಯಾಮಗಳ ಪುಸ್ತಕ 1936ರಲ್ಲಿ ಬಂದಿತು. ಅಮೆರಿಕೆಯ ಆರ್ನಾಲ್ಡ್ ಕೇಗೆಲ್ ಎಂಬ ವೈದ್ಯನು ಶ್ರೋಣಿತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ಅಭ್ಯಾಸವನ್ನು ಕುರಿತು 1948ರಲ್ಲಿ ಬರೆದನು. ಆ ವ್ಯಾಯಾಮಕ್ಕೆ ಅವನ ಹೆಸರೇ ನಿಂತಿದೆ. ಹೀಗೆ ಒಂದು ಕಡೆ ಮನೆಗೆಲಸದ ರೂಪದಲ್ಲಿದ್ದ ಕ್ರಮ ಇನ್ನೊಂದು ಕಡೆ ವ್ಯಾಯಾಮದ ರೂಪವನ್ನು ಪಡೆಯಿತು.

6

ಈಗ ಮತ್ತೆ ನಮ್ಮ ಸೀಮೆಗೆ ಬರೋಣ. ಸಿದ್ದಾಪುರದ ಮಗ್ಗುಲಲ್ಲಿಯೇ ಇರುವ ಜೋಗದಲ್ಲಿ 1940ರ ದಶಕದ ಕೊನೆಗೆ ವಿದ್ಯುತ್ತಿನ ಉತ್ಪಾದನೆ ಮೊದಲಾಯಿತು. ಮುಂದಿನ ದಶಕಗಳಲ್ಲಿ ವಿದ್ಯುತ್ತು ಹಳ್ಳಿಗಳಿಗೆ ಬಂದಂತೆ ಅಕ್ಕಿಗಿರಣಿ ಒನಕೆಯನ್ನೂ, ಮಿಕ್ಸಿ ಮತ್ತು ಗ್ರೈಂಡರು ಒರಳನ್ನೂ, ಪಂಪು ಮತ್ತು ನಲ್ಲಿ ಕೊಡವನ್ನೂ ಅಟ್ಟಕ್ಕೇರಿಸಿದವು. ಇದು ಹೆಣ್ಣಿನ ಬೆನ್ನಿಗೆ ದೊರೆತ ಬಿಡುಗಡೆ; ಇದಕ್ಕಾಗಿ ಮರುಗಬೇಕಾದ ಕಾರಣವಿಲ್ಲ. ಆದರೆ ಬಾಣಂತಿಯ ದೇಹ ಹಿಂದಿರುಗುತ್ತಿದ್ದ ಮೆಟ್ಟಿಲುಗಳೂ ಅವುಗಳೊಡನೆಯೇ ಹೋದವು. ‘ಅಲುಗಾಡಬೇಡ’ ಎಂಬ ಮೊದಲ ತಿಂಗಳ ಮಾತು, ಅದರ ಮುಂದಿನ ಮಾತುಗಳಿಲ್ಲದೆ, ಮೂರನೆಯ ತಿಂಗಳಿಗೂ ಐದನೆಯ ತಿಂಗಳಿಗೂ ಚಾಚಿತು. ತುಪ್ಪ ಲೇಹ್ಯಗಳ ಪಥ್ಯ ಹಾಗೆಯೇ ಉಳಿದು ದುಡಿಮೆ ಮಾತ್ರ ಇಲ್ಲವಾಯಿತು.

ಹೆರಿಗೆಯ ಸ್ವರೂಪವೂ ಬದಲಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆಸ್ಪತ್ರೆಯಲ್ಲಾಗುವ ಹೆರಿಗೆಗಳ ಪ್ರಮಾಣ 2005–06ರಲ್ಲಿ ನೂರಕ್ಕೆ 38.7 ಇದ್ದುದು 2019–21ರಲ್ಲಿ 88.6ಕ್ಕೆ ಏರಿತು, ಶಸ್ತ್ರಕ್ರಿಯೆಯ ಹೆರಿಗೆ 8.5ರಿಂದ 21.5ಕ್ಕೆ ಏರಿತು. ಅದೇ 2019–21ರ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ಹೊಟ್ಟೆ ಕೊಯ್ದ ಗಾಯ ಮತ್ತು ರಕ್ತಹೀನತೆ ಇರುವಲ್ಲಿ ಅಜ್ಜಿಯ ಕ್ರಮವನ್ನಾಗಲಿ ಮೊಬೈಲಿನ ಕ್ರಮವನ್ನಾಗಲಿ ಕಣ್ಣುಮುಚ್ಚಿ ಅನುಸರಿಸಲಾಗದು. ಇದಲ್ಲದೆ ಮಕ್ಕಳು ಬೆಂಗಳೂರು ಸೇರಿ ಹಿರಿಯರಿಬ್ಬರೇ ಉಳಿದಿರುವ ಮನೆಗಳು ಈ ಸೀಮೆಯಲ್ಲಿ ಬಹಳ. ಎಪ್ಪತ್ತರ ಅಜ್ಜಿ ಬಾಣಂತನ ಮಾಡುವ ಮನೆಯಲ್ಲಿ ಕೈಗಳು ಎಷ್ಟಿವೆಯೆಂಬುದನ್ನು ಓದುಗರೇ ಊಹಿಸಬಹುದು.

ಇಂತಿರಲು ಕಳಚಿಹೋದ ಮೆಟ್ಟಿಲುಗಳನ್ನು ವ್ಯಾಯಾಮದಿಂದಲೇ ಮತ್ತೆ ಕಟ್ಟಿಕೊಳ್ಳಬೇಕಾಗಿದೆ. ಇಂದಿನ ವೈದ್ಯಶಾಸ್ತ್ರದ ಸಲಹೆಯ ಸಾರ ಹೀಗಿದೆ. ತೊಡಕಿಲ್ಲದ ಸಹಜ ಹೆರಿಗೆಯಾದವಳು ನೋವಿಲ್ಲವೆನಿಸಿದ ಕೂಡಲೇ, ಮೊದಲ ದಿನಗಳಲ್ಲಿಯೇ, ದೀರ್ಘವಾಗಿ ಉಸಿರಾಡುವುದನ್ನೂ ಶ್ರೋಣಿತಳದ ಸ್ನಾಯುಗಳನ್ನು ಮೆಲ್ಲಗೆ ಬಿಗಿಹಿಡಿದು ಸಡಿಲಿಸುವುದನ್ನೂ ಮಲಗಿದಲ್ಲಿಯೇ ಆರಂಭಿಸಬಹುದು. ಮನೆಯೊಳಗೆ ನಾಲ್ಕು ಹೆಜ್ಜೆ, ಬಳಿಕ ಅಂಗಳದಲ್ಲಿ ಸ್ವಲ್ಪ ಹೊತ್ತು, ಅನಂತರ ತೋಟದ ಸಮತಟ್ಟಾದ ದಾರಿಯಲ್ಲಿ ನಡಿಗೆ. ಏರುದಾರಿ ಆಮೇಲೆ. ಆರು ವಾರಗಳ ತಪಾಸಣೆಯಲ್ಲಿ ವೈದ್ಯರು ಒಪ್ಪಿದ ಬಳಿಕ ಹೊಟ್ಟೆ ಬೆನ್ನುಗಳ ಅಭ್ಯಾಸಗಳನ್ನು ಹಂತಹಂತವಾಗಿ ಹೆಚ್ಚಿಸಬೇಕು. ಓಡುವುದು, ಹಾರುವುದು ಮೂರು ತಿಂಗಳಿಗೆ ಮೊದಲು ಬೇಡ. ಶಸ್ತ್ರಕ್ರಿಯೆಯಾದವಳೂ ಆಸ್ಪತ್ರೆಯಲ್ಲಿ ಹೇಳಿದಂತೆ ಬೇಗನೆ ಎದ್ದು ನಡೆಯಬೇಕು. ಆದರೆ ಸುಮಾರು ಆರು ವಾರ ಮಗುವಿಗಿಂತ ಹೆಚ್ಚಿನ ಭಾರವನ್ನು ಎತ್ತಬಾರದು. ರಕ್ತಸ್ರಾವ, ರಕ್ತದೊತ್ತಡ, ಹೃದ್ರೋಗ, ಆಳವಾದ ಸೀಳುಗಾಯ ಇದ್ದವರು ವೈದ್ಯರನ್ನು ಕೇಳದೆ ಯಾವುದನ್ನೂ ಆರಂಭಿಸಕೂಡದು. ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಸೂಚನೆಯಲ್ಲಿ ಬೇರೆ ತೊಂದರೆಯಿಲ್ಲದ ಗರ್ಭಿಣಿ ಬಾಣಂತಿಯರಿಗೆ ವಾರಕ್ಕೆ 150 ನಿಮಿಷಗಳ ಮಧ್ಯಮ ಚಟುವಟಿಕೆಯನ್ನು ಹೇಳಿದೆ. ಅದು ತಲುಪಬೇಕಾದ ಗುರಿ. ಮೊದಲ ವಾರದ ಲೆಕ್ಕವಲ್ಲ. ನಡೆಯುತ್ತ ಮಾತನಾಡಲು ಸಾಧ್ಯವಾದಷ್ಟು ವೇಗ ಸಾಕು. ಸುಶ್ರುತನ ‘ಅರ್ಧಬಲ’ದ ಮಾತು ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ. ಮಿತವಾದ ವ್ಯಾಯಾಮದಿಂದ ಎದೆಹಾಲು ಕಡಮೆಯಾಗುವುದಿಲ್ಲ.

ನಿಲ್ಲಿಸಬೇಕಾದ ಸೂಚನೆಗಳನ್ನೂ ತಿಳಿದಿರಬೇಕು. ಕಡಮೆಯಾಗಿದ್ದ ರಕ್ತಸ್ರಾವ ಮತ್ತೆ ಹೆಚ್ಚುವುದು, ಕೆಳಹೊಟ್ಟೆಯಲ್ಲಿ ಭಾರವಾಗಿ ಏನೋ ಇಳಿದಂತೆ ಅನಿಸುವುದು, ಕೆಮ್ಮಿದಾಗ ಮೂತ್ರ ಜಾರುವುದು, ಗಾಯದ ನೋವು, ತಲೆಸುತ್ತು ಇವು ಕಂಡರೆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಒಂದೇ ಕಾಲು ಬಾತು ನೋಯುವುದು, ಎದೆನೋವು, ಉಸಿರುಕಟ್ಟುವಿಕೆ, ತೀವ್ರವಾದ ತಲೆನೋವು, ಜ್ವರ, ಗಂಟೆಗೊಂದು ಪ್ಯಾಡು ತೊಯ್ಯುವಷ್ಟು ಸ್ರಾವ ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೂತ್ರ ಜಾರುವುದನ್ನು ‘ಹೆತ್ತವರಿಗೆಲ್ಲ ಇರುವುದೇ’ ಎಂದು ತಳ್ಳಿಹಾಕುವ ರೂಢಿ ನಮ್ಮಲ್ಲಿದೆ. ಅದು ಸಾಮಾನ್ಯವಾಗಿ ಕಾಣುವ ತೊಂದರೆಯೆಂಬುದು ನಿಜ; ಆದರೆ ಸಹಿಸಿಕೊಂಡೇ ಇರಬೇಕಾದುದಲ್ಲ, ಚಿಕಿತ್ಸೆಯುಳ್ಳದ್ದು.

7

ಮೇಲಿನ ವಿವೇಚನೆಯಿಂದ ಎರಡು ನಿರ್ಣಯಗಳು ಹೊರಡುತ್ತವೆ. ಒಂದು, ಬಾಣಂತಿಯ ವಿಶ್ರಾಂತಿಯೂ ವ್ಯಾಯಾಮವೂ ಪರಸ್ಪರ ವಿರೋಧಿಗಳಲ್ಲ. ಒಂದೇ ಕ್ರಮದ ಮೊದಲ ಮತ್ತು ಕೊನೆಯ ಮೆಟ್ಟಿಲುಗಳು. ಅಜ್ಜಿಯ ಮಾತಿನ ಮೊದಲ ಭಾಗವನ್ನು ಮಾತ್ರ ಹಿಡಿದುಕೊಂಡವರೂ, ಮೂರೇ ವಾರದಲ್ಲಿ ಕೊನೆಯ ಮೆಟ್ಟಿಲಿಗೆ ಹಾರಬೇಕೆನ್ನುವವರೂ ಈ ಕ್ರಮವನ್ನು ಸಮಾನವಾಗಿ ಮರೆತಿದ್ದಾರೆ. ಎರಡು, ಈ ಕ್ರಮ ಎಂದಿಗೂ ಬಾಣಂತಿ ಒಬ್ಬಳಿಂದ ನಡೆದುದಲ್ಲ. ಹಂಡೆಗೆ ನೀರು ತುಂಬಿ, ಒಲೆಗೆ ಸೌದೆ ಹಾಕಿ, ಮಗುವನ್ನು ಎತ್ತಿಕೊಂಡವರು ಇದ್ದುದರಿಂದ ಅದು ನಡೆಯಿತು. ಇಂದು ಕೂಡುಕುಟುಂಬವಿಲ್ಲದ ಮನೆಯಲ್ಲಿ ಆ ಕೆಲಸ ಗಂಡನದು. ಅವನು ದಿನಕ್ಕೆ ಅರ್ಧ ಗಂಟೆ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತರೆ ಅವಳಿಗೆ ತೋಟದ ದಾರಿಯಲ್ಲಿ ನಡೆದು ಬರುವಷ್ಟು ಸಮಯ ಸಿಗುತ್ತದೆ. ಕಾಯಿದೆ ಕೊಡಲಾರದ ರಜೆಯನ್ನು ಮನೆಯವರು ಕೊಡಬಲ್ಲರು.

ಈ ವಿಷಯದಲ್ಲಿ ವಿದ್ಯಾರ್ಥಿಗಳು ಮಾಡಬೇಕಾದ ಕಾರ್ಯವೂ ಒಂದಿದೆ. ಒನಕೆ ಹಿಡಿದ ಕೈಗಳ ಕೊನೆಯ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ತಮ್ಮ ತಮ್ಮ ಮನೆಯ ಅಜ್ಜಿಯರನ್ನೂ, ಅದಕ್ಕಿಂತ ಮುಖ್ಯವಾಗಿ ಆ ಮನೆಗಳಿಗೆ ಕೂಲಿಗೆ ಬರುತ್ತಿದ್ದ ಅಜ್ಜಿಯರನ್ನೂ ಕೇಳಿ ಬರೆದಿಡುವುದು ಆವಶ್ಯಕ. ಹೆರಿಗೆಯಾದ ಎಷ್ಟನೆಯ ದಿನ ನೀವು ಮೊದಲ ಕೊಡ ನೀರು ತಂದಿರಿ ಎಂಬ ಒಂದೇ ಪ್ರಶ್ನೆಗೆ ಇಬ್ಬರು ಅಜ್ಜಿಯರು ಕೊಡುವ ಎರಡು ಉತ್ತರಗಳಲ್ಲಿ ಈ ಸೀಮೆಯ ಸಾಮಾಜಿಕ ಇತಿಹಾಸದ ಬಹುಭಾಗ ಅಡಗಿದೆಯೆಂದು ನಾವು ನಂಬುತ್ತೇವೆ.